ವಿಮಾನಪಂದ್ಯಗಳ ಮೂಕಸಾಕ್ಷಿ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮನುಷ್ಯನು ಆಕಾಶದಲ್ಲಿ ನಡೆಸಿದ ಸಾಹಸಗಳನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಆದರೂ ಅವು ನಮ್ಮ ಮನಸ್ಸಿನಲ್ಲಿ ಚಿತ್ರರೂಪವಾಗಿ ನೆಲೆನಿಂತಿವೆ. ಆ ಚಿತ್ರಗಳಲ್ಲಿ ಬಹುಪಾಲನ್ನು ಕೊಟ್ಟವರು ಪ್ಯಾಥೆ, ಫಾಕ್ಸ್ ಮೂವಿಟೋನ್, ಯೂನಿವರ್ಸಲ್ ಮೊದಲಾದ ವಾರ್ತಾಚಿತ್ರ ಸಂಸ್ಥೆಗಳವರು. ದೊಡ್ಡ ಕ್ಯಾಮೆರಾಗಳನ್ನು ಮೂರುಗಾಲಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ತೆಗೆದುದನ್ನು ಆಯ್ದು, ಕತ್ತರಿಸಿ, ಜೋಡಿಸಿ, ಮೇಲೊಂದು ವ್ಯಾಖ್ಯಾನವನ್ನೂ ವಾದ್ಯಘೋಷವನ್ನೂ ಸೇರಿಸಿ ಅವರು ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದರು. ಪಂದ್ಯದ ಅದೇ ಬಯಲಿನಲ್ಲಿ, ಅದೇ ಅಪರಾಹ್ನದಲ್ಲಿ, ಬೇಲಿಯ ಈಚೆ ಜನರ ನಡುವೆ ನಿಂತು, ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಯಂತ್ರದಿಂದ, ಮನೆಯವರಿಗೂ ನೆಂಟರಿಷ್ಟರಿಗೂ ತೋರಿಸುವುದಕ್ಕೆಂದು ಹವ್ಯಾಸಿಗಳು ತೆಗೆದ ಸುರುಳಿಗಳೂ ಉಂಟು. ವಿಮಾನಯಾನದ ಇತಿಹಾಸವನ್ನು ಬರೆಯುವವರು ಇವನ್ನು ಅಲಂಕಾರಕ್ಕಾಗಿ ಬಳಸಿಕೊಂಡಿದ್ದಾರೆಯೇ ಹೊರತು ಪ್ರಮಾಣವಾಗಿ ಅಂಗೀಕರಿಸಿದುದು ಕಡಮೆ. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಾರ್ತಾಚಿತ್ರವು ಆಪ್ತವಾಕ್ಯದ ಸ್ಥಾನದಲ್ಲಿದೆ. ಬಲ್ಲವನೊಬ್ಬನು ನೋಡಿ, ವಿಚಾರಿಸಿ, ನಮಗೆ ಹೇಳಿದ ಮಾತು ಅದು. ಹವ್ಯಾಸಿಯ ಸುರುಳಿಯಾದರೋ, ತನ್ನ ಎಲ್ಲ ದೋಷಗಳೊಡನೆ, ಪ್ರತ್ಯಕ್ಷಕ್ಕೆ ಹೆಚ್ಚು ಸಮೀಪವಾದುದು. ಈ ಎರಡರಲ್ಲಿ ಎರಡನೆಯದನ್ನು ಕೀಳೆಂದು ಎಣಿಸುವ ವಾಡಿಕೆ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ವಿಮಾನದ ಕಥೆಯ ಮೊಟ್ಟಮೊದಲನೆಯ ಚಿತ್ರವೇ ಹವ್ಯಾಸಿಯೆಂದೂ ಹೇಳಲಾಗದ ಒಬ್ಬ ಸಾಮಾನ್ಯನ ಕೈಯದು ಎಂಬುದನ್ನು ನಾವು ಮರೆಯಬಾರದು. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಮರಳುದಿಣ್ಣೆಗಳ ತಪ್ಪಲಿನಲ್ಲಿ ಆರ್ವಿಲ್ ರೈಟ್ ಹನ್ನೆರಡು ಸೆಕೆಂಡುಗಳ ಕಾಲ, 120 ಅಡಿಗಳ ದೂರ, ನೆಲವನ್ನು ಬಿಟ್ಟು ಹಾರಿದಾಗ, ಸೋದರರು ಮೊದಲೇ ಅಣಿಮಾಡಿ ನಿಲ್ಲಿಸಿದ್ದ ಕ್ಯಾಮೆರಾದ ರಬ್ಬರ್ ಬಲ್ಬನ್ನು ಹಿಸುಕಿದವನು ಜಾನ್ ಡೇನಿಯಲ್ಸ್ ಎಂಬ ಕಡಲತೀರದ ಜೀವರಕ್ಷಕ. ಅದಕ್ಕೆ ಮುಂಚೆ ಅವನು ಕ್ಯಾಮೆರಾವನ್ನು ಮುಟ್ಟಿದವನಲ್ಲ. ಮರುವರ್ಷ ಫ್ರಾನ್ಸಿನ ಮೆರ್ಲಿಮಾಂಟ್ ಬಯಲಿನಲ್ಲಿ ಗಾಬ್ರಿಯೆಲ್ ವ್ವಾಝಾಂ ಜಾರುವಿಮಾನವನ್ನು ಪರೀಕ್ಷಿಸಿದಾಗ ಅದರ ಚಿತ್ರವನ್ನು ತೆಗೆದವರಲ್ಲಿ ಝಾಕ್ ಆನ್ರಿ ಲಾರ್ಟೀಗ್ ಎಂಬ ಬಾಲಕನೂ ಇದ್ದ. ಆ ಬಾಲಕನು ಮುಂದೆ ಚಲಚ್ಚಿತ್ರವನ್ನೂ ಕೈಗೆತ್ತಿಕೊಂಡನು; ಅವನು ಕೂಡಿಟ್ಟಿದ್ದ ಚಿತ್ರಗಳ ಮೌಲ್ಯ ಲೋಕಕ್ಕೆ ತಿಳಿದದ್ದು 1963ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವು ಏರ್ಪಟ್ಟ ಮೇಲೆ. ವೃತ್ತಿಯವರು ಆಕಾಶದ ಕಡೆಗೆ ಗುಂಪುಗುಂಪಾಗಿ ತಿರುಗಿದುದು ಅನಂತರ. 1909ರ ಆಗಸ್ಟಿನಲ್ಲಿ ರ್‍ಹಾಂಸ್ ನಗರದ ಹೊರಬಯಲಿನಲ್ಲಿ ಜಗತ್ತಿನ ಮೊದಲ ಮಹಾ ವಿಮಾನಸಪ್ತಾಹವು ನೆರೆದು, ಗ್ಲೆನ್ ಕರ್ಟಿಸ್ ಗಂಟೆಗೆ ಸುಮಾರು 75 ಕಿಲೋಮೀಟರ್ ವೇಗದಿಂದ ಬ್ಲೇರಿಯೋನನ್ನು ಕೆಲವೇ ಸೆಕೆಂಡುಗಳಿಂದ ಹಿಂದೆ ಹಾಕಿದ ಕಾಲಕ್ಕೆ, ವಿಮಾನಪಂದ್ಯವೆಂಬುದು ಜನಸಾಗರವನ್ನು ಸೆಳೆಯುವ ಪ್ರದರ್ಶನವಾಗಿತ್ತು.

ಜನರ ಕೈಗೆ ಚಲಚ್ಚಿತ್ರದ ಯಂತ್ರ ಬಂದದ್ದು ಇನ್ನೂ ಹದಿನಾಲ್ಕು ವರ್ಷ ಕಳೆದ ಮೇಲೆ. 1922ರ ಕೊನೆಯಲ್ಲಿ ಫ್ರಾನ್ಸಿನಲ್ಲಿ ಪ್ಯಾಥೆಯವರು ಒಂಬತ್ತೂವರೆ ಮಿಲಿಮೀಟರಿನ ಫಿಲ್ಮನ್ನೂ, 1923ರಲ್ಲಿ ಅಮೆರಿಕದಲ್ಲಿ ಕೊಡಾಕ್ ಸಂಸ್ಥೆಯವರು ಹದಿನಾರು ಮಿಲಿಮೀಟರಿನ ಫಿಲ್ಮನ್ನೂ ಬಳಕೆಗೆ ತಂದರು. ವೃತ್ತಿಯವರ ನೈಟ್ರೇಟ್ ಫಿಲ್ಮು ಕಿಡಿ ಸೋಕಿದರೆ ಭಗ್ಗನೆ ಉರಿಯುವ ಪದಾರ್ಥ. ಮನೆಯೊಳಗೆ ಇಟ್ಟುಕೊಳ್ಳಬೇಕಾದ ಈ ಹೊಸ ಫಿಲ್ಮನ್ನು ಆದುದರಿಂದ ಅಸಿಟೇಟಿನಿಂದ ಮಾಡಿದರು. ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇದರ ಸಂಸ್ಕರಣದ ಕ್ರಮ. ವೃತ್ತಿಯ ಚಿತ್ರದಲ್ಲಿ ಮೊದಲು ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರತಿಗಳು. ಹವ್ಯಾಸಿಯ ಫಿಲ್ಮಿನಲ್ಲಾದರೋ ಕ್ಯಾಮೆರಾದೊಳಗೆ ಬೆಳಕನ್ನು ಕಂಡ ಪಟ್ಟಿಯೇ ರಾಸಾಯನಿಕ ಕ್ರಿಯೆಯಿಂದ ಪಾಸಿಟಿವ್ ಆಗಿ ಪರಿವರ್ತನೆ ಹೊಂದಿ, ಪ್ರೊಜೆಕ್ಟರಿನಲ್ಲಿ ಓಡುವುದಕ್ಕೆ ಸಿದ್ಧವಾಗಿ ಮನೆಗೆ ಮರಳುತ್ತಿತ್ತು. ಎಂದರೆ ಅಂದು ಬಯಲಿನಲ್ಲಿ ವಿಮಾನದ ಮೇಲೆ ಬಿದ್ದು ಪುಟಿದ ಬೆಳಕು ಯಾವ ಪಟ್ಟಿಯನ್ನು ತಾಕಿತೋ, ಇಂದು ಪೆಟ್ಟಿಗೆಯಲ್ಲಿ ಉಳಿದಿರುವುದೂ ಅದೇ ಪಟ್ಟಿ. ಅದಕ್ಕೆ ಜೊತೆಯಿಲ್ಲ, ಬದಲಿಯಿಲ್ಲ, ಕಳೆದರೆ ಮತ್ತೊಂದಿಲ್ಲ.

ನೂರು ಅಡಿಗಳ ಒಂದು ಸುರುಳಿಯಲ್ಲಿ ನಾಲ್ಕು ಸಾವಿರ ಫ್ರೇಮುಗಳು. ಸೆಕೆಂಡಿಗೆ ಹದಿನಾರರಂತೆ ಓಡಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಅಷ್ಟರಲ್ಲಿ ಸ್ಪ್ರಿಂಗಿಗೆ ಹಲವು ಸಲ ಕೀಲಿ ತಿರುಗಿಸಬೇಕು. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದ ವಿಮಾನನಿಲ್ದಾಣಕ್ಕೆ, 1932ರ ಸೆಪ್ಟೆಂಬರಿನ ಮೊದಲ ವಾರಕ್ಕೆ ಹೋಗೋಣ. 1929ರಿಂದ ಅಮೆರಿಕದ ರಾಷ್ಟ್ರೀಯ ವಿಮಾನಪಂದ್ಯಗಳಿಗೆ ಮುಖ್ಯ ನೆಲೆಯಾಗಿದ್ದ ಆ ಬಯಲಿನಲ್ಲಿ ಥಾಂಪ್ಸನ್ ಪಾರಿತೋಷಕದ ಓಟವು ಎಲ್ಲಕ್ಕೂ ಶಿಖರಪ್ರಾಯವಾದುದು: ಗೋಪುರಗಳನ್ನು ಬಳಸಿ ಹತ್ತು ಮೈಲಿಯ ಹತ್ತು ಸುತ್ತುಗಳು, ಒಟ್ಟು ನೂರು ಮೈಲಿ. ಆ ವರ್ಷ ಅದನ್ನು ಗೆದ್ದವನು ಜಿಮ್ಮಿ ಡೂಲಿಟ್ಲ್. ಅವನ ವಾಹನ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಗ್ರಾನ್‌ವಿಲ್ ಸೋದರರು ಕಟ್ಟಿದ ಜೀ ಬೀ ಆರ್-1 ಎಂಬ ಮೊಂಡು ಆಕಾರದ ವಿಮಾನ. ಸುಮಾರು 800 ಅಶ್ವಶಕ್ತಿಯ ಎಂಜಿನ್ನಿನ ಬೆನ್ನಿಗೆ ಪೀಪಾಯಿಯಂಥ ಒಡಲು, ಬಾಲದ ಬುಡದಲ್ಲಿ ಚಾಲಕನ ಆಸನ, ಎರಡು ಮೋಟು ರೆಕ್ಕೆಗಳು. ಅವನ ಸರಾಸರಿ ವೇಗ ಗಂಟೆಗೆ 252 ಮೈಲಿಗಳಿಗಿಂತ ತುಸು ಹೆಚ್ಚು.

ಈಗ ಒಂದು ಲೆಕ್ಕ ಹಾಕಬೇಕು. ಏಕೆಂದರೆ ನನ್ನ ವಾದದ ಬೇರು ಈ ಲೆಕ್ಕದಲ್ಲಿದೆ. ಆ ವೇಗದಲ್ಲಿ ವಿಮಾನವು ಸೆಕೆಂಡಿಗೆ ಸುಮಾರು 113 ಮೀಟರು ಸಾಗುತ್ತದೆ; ಹದಿನಾರರಿಂದ ಭಾಗಿಸಿದರೆ ಒಂದು ಫ್ರೇಮಿನಿಂದ ಮತ್ತೊಂದಕ್ಕೆ ಏಳು ಮೀಟರು. ಆ ವಿಮಾನದ ಉದ್ದವೋ ಐದೂವರೆ ಮೀಟರಿಗೂ ಕಡಮೆ. ಅಂದಮೇಲೆ ಕ್ಯಾಮೆರಾವನ್ನು ನಿಶ್ಚಲವಾಗಿ ಹಿಡಿದವನ ಫಿಲ್ಮಿನಲ್ಲಿ ಒಂದು ಫ್ರೇಮಿನ ವಿಮಾನಕ್ಕೂ ಮುಂದಿನ ಫ್ರೇಮಿನ ವಿಮಾನಕ್ಕೂ ನಡುವೆ ಬರಿಯ ಆಕಾಶವೇ ಉಳಿಯುತ್ತದೆ. ಅದು ತನ್ನ ಉದ್ದವನ್ನೂ ಮೀರಿ ನೆಗೆದಿರುತ್ತದೆ. ನಿಮಿಷಕ್ಕೆ ಎರಡು ಸಾವಿರ ಸುತ್ತುಗಳನ್ನು ಮೀರಿ ತಿರುಗುವ ಪ್ರೊಪೆಲರ್ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎರಡು ಸುತ್ತಿಗಿಂತ ಹೆಚ್ಚು ತಿರುಗಿ, ಪರದೆಯ ಮೇಲೆ ಒಮ್ಮೆ ನಿಂತಂತೆಯೂ ಒಮ್ಮೆ ಹಿಂದಕ್ಕೆ ಚಲಿಸುವಂತೆಯೂ ತೋರುತ್ತದೆ. ಇನ್ನು ವಿಮಾನವನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸಿದರೆ ವಿಮಾನವು ಚೌಕಟ್ಟಿನ ಅಂಚಿಗೆ ಜಾರಿ, ಹಿನ್ನೆಲೆಯು ಅಡ್ಡಗೆರೆಗಳಾಗಿ ಕರಗುತ್ತದೆ. ಹತ್ತು ಮೈಲಿಯ ಒಂದು ಸುತ್ತಿಗೆ ಎರಡೂಕಾಲು ನಿಮಿಷಕ್ಕೂ ಹೆಚ್ಚು ಹಿಡಿಯುವುದರಿಂದ, ಪ್ರೇಕ್ಷಕನ ಕಣ್ಣಿಗೆ ಬಿದ್ದ ಕೆಲವು ಸೆಕೆಂಡುಗಳ ತರುವಾಯ ವಿಮಾನವು ದಿಗಂತದಲ್ಲಿ ಮರೆಯಾಗಿಬಿಡುತ್ತದೆ. ಸಂಕ್ಷೇಪವಾಗಿ ಹೇಳಿದರೆ, ಹವ್ಯಾಸಿಯು ಯಾವುದನ್ನು ಹಿಡಿಯಬೇಕೆಂದು ಬಂದಿದ್ದನೋ ಅದು ಅವನ ಉಪಕರಣದ ಶಕ್ತಿಗೆ ಮೀರಿತ್ತು.

ಹಾಗೆ ಮೀರಿದ್ದರಿಂದಲೇ ಅವನ ಫಿಲ್ಮು ನಮಗೆ ಅಮೂಲ್ಯವಾಯಿತು. ಓಡುವ ವಿಮಾನವು ಕೈಗೆ ಸಿಕ್ಕದಿದ್ದಾಗ ಅವನು ನಿಂತ ವಿಮಾನದ ಬಳಿಗೆ ಹೋದನು. ಅದರ ಸುತ್ತ ಒಂದು ಸುತ್ತು ನಡೆದು ರೆಕ್ಕೆಯ ತಂತಿಗಳನ್ನೂ, ಬಟ್ಟೆಯ ಹೊದಿಕೆಯ ತೇಪೆಗಳನ್ನೂ, ಚಕ್ರಗಳ ಮೇಲಿನ ಹೊದಿಕೆಯನ್ನೂ ಚಿತ್ರಿಸಿದನು. ಎಂಜಿನ್ನಿನ ಮುಸುಕನ್ನು ತೆಗೆದು ಎಣ್ಣೆಯ ಕೈಗಳಿಂದ ದುಡಿಯುತ್ತಿದ್ದ ಮೆಕ್ಯಾನಿಕನೂ, ಡಬ್ಬಿಯಿಂದ ಪೆಟ್ರೋಲ್ ಸುರಿಯುತ್ತಿದ್ದ ಹುಡುಗನೂ, ಬಿಸಿಲಿಗೆ ವೃತ್ತಪತ್ರಿಕೆಯನ್ನು ತಲೆಗೆ ಹಿಡಿದು ಕಾದಿದ್ದ ಹೆಂಗಸರೂ, ಬೇಲಿಯಾಚೆಗೆ ಸಾಲುಸಾಲಾಗಿ ನಿಂತ ಕಾರುಗಳ ಛಾವಣಿಯನ್ನೇರಿ ಕುಳಿತ ಮಕ್ಕಳೂ ಅವನ ಚೌಕಟ್ಟಿನೊಳಗೆ ಬಂದರು. ನೂರು ಮೈಲಿಯ ಓಟ ಇಪ್ಪತ್ತನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುವುದು. ಆದರೆ ಆ ಬಯಲಿನ ದಿನವು ಹತ್ತು ಗಂಟೆಗಳದು. ಓಟವನ್ನು ಸಾಧ್ಯಗೊಳಿಸಿದ ದುಡಿಮೆಯೂ, ಅದನ್ನು ನಿರೀಕ್ಷಿಸಿದ ಜನತೆಯೂ ಉಳಿದ ಸಮಯದಲ್ಲಿ ಇವೆ. ಬಟ್ಟೆ, ಮರ, ಬೆಸುಗೆ ಹಾಕಿದ ಉಕ್ಕಿನ ಕೊಳವೆ, ಇಷ್ಟರಿಂದ ಅತ್ಯಂತ ವೇಗದ ಯಂತ್ರವನ್ನು ಕೆಲವೇ ಮಂದಿ ಕೈಕೆಲಸದವರು ಹೇಗೆ ಕಟ್ಟಿದರೆಂಬುದನ್ನು ತಿಳಿಯಬಯಸುವವನಿಗೆ ಗೆಲುವಿನ ಗೆರೆಯ ಮೇಲೆ ಮಿಂಚಿ ಮಾಯವಾಗುವ ನೆರಳಿಗಿಂತ ಹ್ಯಾಂಗರಿನ ನೆರಳಿನಲ್ಲಿ ತೆಗೆದ ಈ ಮಂದಗತಿಯ ಚಿತ್ರಗಳು ಎಷ್ಟೋ ಹೆಚ್ಚಿನದನ್ನು ಹೇಳುತ್ತವೆ.

ವಾರ್ತಾಚಿತ್ರದ ನಿಯಮ ಬೇರೆ. ಅದಕ್ಕೆ ದೊರೆಯುವುದು ಒಂದೆರಡು ನಿಮಿಷ. ಆ ನಿಮಿಷಗಳಲ್ಲಿ ಒಬ್ಬ ವಿಜೇತ ಬೇಕು, ಸಾಧ್ಯವಾದರೆ ಒಂದು ಅಪಘಾತ ಬೇಕು. 1931ರಲ್ಲಿ ಥಾಂಪ್ಸನ್ ಓಟವನ್ನು ಗೆದ್ದ ಲೋವೆಲ್ ಬೇಲ್ಸ್ ಅದೇ ಡಿಸೆಂಬರ್ 5ರಂದು ಡೆಟ್ರಾಯಿಟ್ ಬಳಿ ವೇಗದ ದಾಖಲೆಗಾಗಿ ಹಾರುತ್ತಿದ್ದಾಗ, ಅವನ ಜೀ ಬೀ ವಿಮಾನದ ರೆಕ್ಕೆ ಮುರಿದು, ಅದು ನೆಲಕ್ಕಪ್ಪಳಿಸಿ ಬೆಂಕಿಯುಂಡೆಯಾಯಿತು. ಆ ಕೆಲವು ಸೆಕೆಂಡುಗಳ ಚಿತ್ರವು ಅಂದಿನಿಂದ ಇಂದಿನವರೆಗೆ ಎಷ್ಟು ಸಲ ತೋರಿಸಲ್ಪಟ್ಟಿದೆಯೋ ಲೆಕ್ಕವಿಲ್ಲ. ಆ ಫಿಲ್ಮನ್ನು ಫ್ರೇಮು ಫ್ರೇಮಾಗಿ ಪರಿಶೀಲಿಸಿದವರು, ಪೆಟ್ರೋಲ್ ತೊಟ್ಟಿಯ ಮುಚ್ಚಳವು ಕಳಚಿ ಚಾಲಕನ ಮುಂದಿನ ಗಾಜಿಗೆ ಬಡಿದಿರಬೇಕೆಂದು ಅಭಿಪ್ರಾಯಪಟ್ಟರು. ಅಷ್ಟರಮಟ್ಟಿಗೆ ಅದು ಸಾಕ್ಷಿಯಾಗಿ ಉಪಯೋಗಕ್ಕೆ ಬಂತು, ನಿಜ. ಆದರೆ ಸಾವಿರಾರು ಸಲ ಅದನ್ನು ತೋರಿಸಿದವರ ಉದ್ದೇಶ ಪರಿಶೀಲನೆಯಾಗಿರಲಿಲ್ಲ. ಒಬ್ಬ ಮನುಷ್ಯನ ಬದುಕಿನ ಕೊನೆಯ ನಾಲ್ಕು ಸೆಕೆಂಡುಗಳನ್ನೇ ಅವನ ಸಮಗ್ರ ಪರಿಚಯವಾಗಿ ಮಾಡಿಬಿಡುವುದು ಅನ್ಯಾಯ. ಅವನು ನಗುತ್ತ ಮೆಕ್ಯಾನಿಕನೊಡನೆ ಮಾತನಾಡುತ್ತ ನಿಂತಿರುವ ಹತ್ತು ಸೆಕೆಂಡುಗಳು ಯಾವುದಾದರೊಂದು ಮನೆಯ ಸುರುಳಿಯಲ್ಲಿ ಉಳಿದಿದ್ದರೆ ಅವು ಆ ಅನ್ಯಾಯಕ್ಕೆ ಒಂದು ಪರಿಹಾರ.

ಬೇಲಿಯ ಈಚೆಯ ಕಣ್ಣು ಕೆಲವೊಮ್ಮೆ ವೃತ್ತಿಯವರೆಲ್ಲರ ಕಣ್ಣಿಗೂ ತಪ್ಪಿದುದನ್ನು ಹಿಡಿಯುತ್ತದೆ. 1937ರ ಮೇ 6ರಂದು ನ್ಯೂಜರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆಯು ಉರಿದುಹೋಗಿ 36 ಮಂದಿ ಮಡಿದಾಗ ಸ್ಥಳದಲ್ಲಿದ್ದ ವಾರ್ತಾಚಿತ್ರದವರು ಒಂದೇ ಕಡೆಯಲ್ಲಿ ಗುಂಪಾಗಿ ನಿಂತಿದ್ದರು. ಬೆಂಕಿ ಹೊತ್ತಿಕೊಂಡ ಕ್ಷಣ ಅವರಲ್ಲಿ ಯಾರ ಫಿಲ್ಮಿನಲ್ಲಿಯೂ ಇಲ್ಲ. ಬೇರೊಂದು ದಿಕ್ಕಿನಲ್ಲಿ ನಿಂತಿದ್ದ ಒಬ್ಬ ಹವ್ಯಾಸಿಯು ಎಂಟು ಮಿಲಿಮೀಟರಿನ ಚಿಕ್ಕ ಫಿಲ್ಮಿನಲ್ಲಿ ನೌಕೆಯ ಪೂರ್ಣ ಆಕೃತಿಯನ್ನೂ, ಅದರಿಂದ ಇಳಿಬಿಟ್ಟ ಹಗ್ಗಗಳನ್ನೂ, ನೆಲದ ಮೇಲಿನ ಆಳುಗಳನ್ನೂ ಒಟ್ಟಿಗೆ ಹಿಡಿದಿದ್ದನು. ಹಗ್ಗಗಳು ನೆಲ ಮುಟ್ಟಿ ಸುಮಾರು ನಾಲ್ಕು ನಿಮಿಷಗಳಾದ ಮೇಲೆ ಬೆಂಕಿ ಕಾಣಿಸಿಕೊಂಡುದರಿಂದ, ವಿದ್ಯುತ್ ಸಂಚಯದ ಪ್ರಶ್ನೆಯನ್ನು ವಿಚಾರಮಾಡುವವರಿಗೆ ಹಗ್ಗಗಳ ವಿಷಯ ಅತ್ಯಂತ ಮುಖ್ಯವಾದುದು. ದಶಕಗಳ ಕಾಲ ಮನೆಯಲ್ಲಿಯೇ ಉಳಿದಿದ್ದ ಆ ಸುರುಳಿ ಈಚೆಗೆ, ದುರಂತದ ಕಾರಣವನ್ನು ಹೊಸದಾಗಿ ಪರೀಕ್ಷಿಸಿದವರ ಕೈ ಸೇರಿತು. ತಿಳಿದವರೆಲ್ಲ ಒಂದೇ ಕಡೆ ನಿಲ್ಲುತ್ತಾರೆ, ಏಕೆಂದರೆ ಒಳ್ಳೆಯ ಚಿತ್ರ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತು. ತಿಳಿಯದವನು ಎಲ್ಲಿ ಬೇಕಾದರೂ ನಿಂತಾನು, ಅವನ ಸಾಕ್ಷ್ಯದ ಸ್ವಾತಂತ್ರ್ಯಕ್ಕೆ ಅದೇ ಕಾರಣ.

ಇನ್ನೊಂದು ಗುಣವನ್ನು ನಾನು ಇದಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ: ಹವ್ಯಾಸಿಯ ಸುರುಳಿಗೆ ಮುಂದೇನಾಗುವುದೆಂದು ತಿಳಿಯದು. ಇತಿಹಾಸವನ್ನು ಬರೆಯುವವನಿಗೆ ಅಂತ್ಯವು ಮೊದಲೇ ಗೊತ್ತು. ವಾರ್ತಾಚಿತ್ರವನ್ನು ಜೋಡಿಸುವವನಿಗೂ ಅಷ್ಟೆ. ಗೆದ್ದವನನ್ನು ಹೊರಡುವಾಗಿನಿಂದಲೇ ಗೆಲ್ಲತಕ್ಕವನಂತೆ ಅವನು ತೋರಿಸಬಲ್ಲನು. ಬೇಲಿಯ ಬಳಿ ನಿಂತವನಾದರೋ ಸೋಲುವವರನ್ನೂ ಗೆಲ್ಲುವವರನ್ನೂ ಒಂದೇ ಕುತೂಹಲದಿಂದ ಚಿತ್ರಿಸುತ್ತಾನೆ. 1929ರ ಕ್ಲೀವ್‌ಲ್ಯಾಂಡಿನಲ್ಲಿ ಡಗ್ ಡೇವಿಸ್ ಎಂಬ ನಾಗರಿಕ ಚಾಲಕನು ಟ್ರಾವೆಲ್ ಏರ್ ಕಂಪೆನಿಯ ಕೆಂಪು-ಕಪ್ಪು ಬಣ್ಣದ ಒಂಟಿರೆಕ್ಕೆಯ ವಿಮಾನದಲ್ಲಿ ಸೈನ್ಯದ ಎರಡು-ರೆಕ್ಕೆಯ ವಿಮಾನಗಳನ್ನು ಸೋಲಿಸುವನೆಂದು ಮೊದಲೇ ಊಹಿಸಿದವರು ವಿರಳ. ಒಂದು ಗೋಪುರವನ್ನು ತಪ್ಪಿಸಿಕೊಂಡು, ಹಿಂದಿರುಗಿ ಅದನ್ನು ಬಳಸಿ ಬಂದೂ ಅವನು ಗೆದ್ದನು. ಖಾಸಗಿ ಕಾರ್ಖಾನೆಯೊಂದರ ವಿಮಾನವು ಸರ್ಕಾರದ ಯುದ್ಧವಿಮಾನವನ್ನು ಹಿಂದೆ ಹಾಕಿದ ಆ ಓಟ ಅಮೆರಿಕದ ವಿನ್ಯಾಸಕಾರರ ಮನಸ್ಸಿನ ಮೇಲೆ ಮಾಡಿದ ಪರಿಣಾಮ ಸಣ್ಣದಲ್ಲ. ಐದು ವರ್ಷಗಳ ಅನಂತರ, 1934ರಲ್ಲಿ, ಅದೇ ಥಾಂಪ್ಸನ್ ಓಟದಲ್ಲಿ ಮುಂಚೂಣಿಯಲ್ಲಿದ್ದಾಗಲೇ ಅವನು ಬಿದ್ದು ಸತ್ತನು. 1929ರ ಸುರುಳಿಯಲ್ಲಿ ಈ ಸಾವಿನ ನೆರಳಿಲ್ಲ. ಆ ಮನುಷ್ಯನನ್ನು ಅವನ ಕಾಲದ ಬೆಳಕಿನಲ್ಲಿಯೇ, ನಮ್ಮ ತಿಳಿವಳಿಕೆಯ ಭಾರವಿಲ್ಲದೆ ನೋಡುವ ಅವಕಾಶವು ಪುಸ್ತಕದಿಂದ ದೊರೆಯುವಂಥದಲ್ಲ.

ಸ್ತ್ರೀಚಾಲಕರ ವಿಷಯದಲ್ಲಿ ಈ ಮಾತು ಇನ್ನೂ ಬಲವಾಗಿ ಸಲ್ಲುತ್ತದೆ. ಅದೇ 1929ರ ಆಗಸ್ಟಿನಲ್ಲಿ ಇಪ್ಪತ್ತು ಮಂದಿ ಸ್ತ್ರೀಯರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಕ್ಲೀವ್‌ಲ್ಯಾಂಡಿಗೆ 2,700 ಮೈಲಿಗಳನ್ನು ಮೀರಿದ ಪಂದ್ಯದಲ್ಲಿ ತೊಡಗಿದರು. ಲೂಯೀಸ್ ಥೇಡನ್ ಗೆದ್ದಳು. ಎಂಜಿನ್ನಿನಿಂದ ಒಳನುಗ್ಗುತ್ತಿದ್ದ ವಿಷಾನಿಲದಿಂದ ಪಾರಾಗುವುದಕ್ಕಾಗಿ ಹೊರಗಿನ ಗಾಳಿಯನ್ನು ತರುವ ಕೊಳವೆಯೊಂದಕ್ಕೆ ಮುಖವೊಡ್ಡಿ ಉಸಿರಾಡುತ್ತ ಅವಳು ಅಷ್ಟು ದೂರ ಹಾರಿದ್ದಳು. ಗ್ಲಾಡಿಸ್ ಓಡೊನೆಲ್ ಎರಡನೆಯವಳು, ಅಮೀಲಿಯಾ ಇಯರ್‌ಹಾರ್ಟ್ ಮೂರನೆಯವಳು. ಮಾರ್ವೆಲ್ ಕ್ರಾಸನ್ ದಾರಿಯಲ್ಲಿ ಮಡಿದಳು. ಪತ್ರಿಕೆಗಳು ಇವರ ಬಟ್ಟೆಬರೆಯನ್ನೂ ಮುಖದ ಪೌಡರನ್ನೂ ಕುರಿತು ಬರೆದು, ಈ ಸ್ಪರ್ಧೆಗೊಂದು ಹಾಸ್ಯದ ಹೆಸರನ್ನೂ ಅಂಟಿಸಿದವು. 1933ರಲ್ಲಿ ಷಿಕಾಗೋ ಪಂದ್ಯದಲ್ಲಿ ಫ್ಲಾರೆನ್ಸ್ ಕ್ಲಿಂಗೆನ್‌ಸ್ಮಿತ್ ಹಾರಿಸುತ್ತಿದ್ದ ಜೀ ಬೀ ವಿಮಾನದ ರೆಕ್ಕೆಯ ಬಟ್ಟೆ ಹರಿದು ಅವಳು ಸತ್ತಾಗ, ಪುರುಷರು ಎಷ್ಟೋ ಮಂದಿ ಹಾಗೆಯೇ ಸತ್ತಿದ್ದರೂ ಅವರ ಸ್ಪರ್ಧೆಯನ್ನು ತಡೆಯದಿದ್ದವರು ಮರುವರ್ಷ ಸ್ತ್ರೀಯರನ್ನು ಪಂದ್ಯಗಳಿಂದ ಹೊರಗಿಟ್ಟರು. ಅವಕಾಶ ಮರಳಿದ ಮೇಲೆ, 1936ರಲ್ಲಿ, ಥೇಡನ್ ಮತ್ತು ಬ್ಲಾಂಚ್ ನೋಯಿಸ್ ಖಂಡವನ್ನು ದಾಟುವ ಬೆಂಡಿಕ್ಸ್ ಓಟದಲ್ಲಿ ಎಲ್ಲ ಪುರುಷರನ್ನೂ ಸೋಲಿಸಿದರು. ವ್ಯಾಖ್ಯಾನವಿಲ್ಲದ ಮೂಕಚಿತ್ರದಲ್ಲಿ ಇಂಥ ಸ್ತ್ರೀಯೊಬ್ಬಳು ಕಾಣಿಸಿಕೊಂಡಾಗ ಅವಳು ನಕ್ಷೆಯನ್ನು ಮಡಿಸುತ್ತಿರುತ್ತಾಳೆ, ತಂತಿಯ ಬಿಗಿಯನ್ನು ಬೆರಳಿನಿಂದ ಪರೀಕ್ಷಿಸುತ್ತಿರುತ್ತಾಳೆ. ಅವಳ ಪಕ್ಕದಲ್ಲಿ ನಿಂತು ನಮಗೆ ಅವಳ ಅರ್ಥವನ್ನು ಹೇಳಿಕೊಡುವವರಿಲ್ಲ. ಈ ಮೌನವನ್ನು ನಾನು ಗೌರವವೆಂದು ತಿಳಿಯುತ್ತೇನೆ.

ಇಲ್ಲಿಯವರೆಗೆ ಹೇಳಿದುದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಹವ್ಯಾಸಿಯೂ ಆಯ್ಕೆಮಾಡುವವನೇ, ಅವನ ಆಯ್ಕೆಯ ಹಿಂದೆ ಅವನ ವರ್ಗವಿದೆ, ಅವನ ಬಣ್ಣವಿದೆ. 1923ರಲ್ಲಿ ಕೊಡಾಕಿನ ಕ್ಯಾಮೆರಾ, ಪ್ರೊಜೆಕ್ಟರು, ಪರದೆ ಎಲ್ಲ ಸೇರಿ 335 ಡಾಲರು. ಅಂದು ಅಷ್ಟೇ ಹಣಕ್ಕೆ ಒಂದು ಫೋರ್ಡ್ ಮಾಡೆಲ್ ಟಿ ಕಾರು ಸಿಕ್ಕುತ್ತಿತ್ತು. 1932ರಲ್ಲಿ ಎಂಟು ಮಿಲಿಮೀಟರಿನ ಫಿಲ್ಮು ಬಂದು ಖರ್ಚು ಇಳಿದರೂ, ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅನ್ನಕ್ಕಾಗಿ ಸಾಲುನಿಂತವರ ಕೈಗೆ ಅದು ಎಟುಕಲಿಲ್ಲ. ಅಮೆರಿಕದಲ್ಲಿ ಯಾವ ಶಾಲೆಯೂ ಸೇರಿಸಿಕೊಳ್ಳದ್ದರಿಂದ ಫ್ರೆಂಚ್ ಭಾಷೆಯನ್ನು ಕಲಿತು, ಫ್ರಾನ್ಸಿಗೆ ಹೋಗಿ, 1921ರಲ್ಲಿ ಚಾಲಕಿಯ ಪರವಾನೆಯನ್ನು ಪಡೆದು ಬಂದ ಕಪ್ಪು ಜನಾಂಗದ ಬೆಸ್ಸಿ ಕೋಲ್ಮನ್, ಪಂದ್ಯಗಳ ಈ ವೈಭವದ ಕಾಲ ತೊಡಗುವ ಮುನ್ನವೇ 1926ರಲ್ಲಿ ವಿಮಾನದಿಂದ ಬಿದ್ದು ತೀರಿಕೊಂಡಳು. ಅವಳ ದಾರಿಯಲ್ಲಿ ನಡೆಯಬಯಸಿದ ಕಪ್ಪು ಜನರಿಗೆ ದೊಡ್ಡ ಪಂದ್ಯಗಳ ಬಾಗಿಲು ತೆರೆದಿರಲಿಲ್ಲ. ಆದುದರಿಂದ ಹವ್ಯಾಸಿಯ ಫಿಲ್ಮು ಆ ಕಾಲದ ಸಮಗ್ರ ಸತ್ಯವೆಂದು ಹೇಳಿದರೆ ಅದು ಸುಳ್ಳಾದೀತು. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದರಿಂದ ಸುರುಳಿಯ ಪ್ರಾಮಾಣ್ಯ ಕುಗ್ಗುವುದೆಂಬುದನ್ನು ಒಪ್ಪಲಾರೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಸ್ವತಂತ್ರ ಪ್ರಮಾಣವೆಂದು ಎಣಿಸಿದರು. ಇರಬೇಕಾದ ಸ್ಥಳದಲ್ಲಿ ವಸ್ತುವು ಕಾಣದಿರುವುದೂ ಜ್ಞಾನಕ್ಕೆ ಸಾಧನವೆಂಬುದು ಅವರ ಸಿದ್ಧಾಂತ. ವಾರ್ತಾಚಿತ್ರದಲ್ಲಿ ಯಾರಾದರೂ ಕಾಣದಿದ್ದರೆ ಕತ್ತರಿಸಿದವನು ಬಿಟ್ಟಿರಬಹುದೆಂಬ ಸಂಶಯ ಉಳಿಯುತ್ತದೆ. ಕತ್ತರಿಸದ ಸುರುಳಿಯಲ್ಲಿ, ಬೇಲಿಯುದ್ದಕ್ಕೂ ನಿಧಾನವಾಗಿ ಹಾಯ್ದ ಕ್ಯಾಮೆರಾಕ್ಕೆ ಒಂದು ಕಪ್ಪು ಮುಖವೂ ಸಿಕ್ಕದಿದ್ದರೆ, ಅದು ಆ ಬಯಲನ್ನು ಕುರಿತ ನೇರವಾದ ಸಾಕ್ಷ್ಯವೇ ಸರಿ.

ಹೀಗೆ ಪ್ರಮಾಣವೆಂದು ಒಪ್ಪಿಕೊಂಡ ಮೇಲೆ ಅದನ್ನು ಕೆಡಿಸದೆ ಕಾಪಾಡುವ ಹೊಣೆ ಬರುತ್ತದೆ. ಸೆಕೆಂಡಿಗೆ ಹದಿನಾರು ಫ್ರೇಮುಗಳಂತೆ ತೆಗೆದುದನ್ನು ಧ್ವನಿಚಿತ್ರದ ಇಪ್ಪತ್ತನಾಲ್ಕರ ಗತಿಯಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗವಾಗುತ್ತದೆ. ಜನರು ಬೊಂಬೆಗಳಂತೆ ಕುಣಿಯುತ್ತಾರೆ, ಕಷ್ಟಪಟ್ಟು ನೆಲವನ್ನು ಬಿಟ್ಟೇಳುವ ವಿಮಾನವು ಚಿಟ್ಟೆಯಂತೆ ಚಿಮ್ಮುತ್ತದೆ. ಆ ಕಾಲದ ಚಾಲಕರು ಹುಚ್ಚುಸಾಹಸಿಗಳೆಂಬ ಭಾವನೆ ನಮ್ಮಲ್ಲಿ ಬೇರೂರುವುದಕ್ಕೆ ಈ ಗತಿದೋಷವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಭಾರವಾದ ಯಂತ್ರವು ಹುಲ್ಲುಬಯಲಿನ ಮೇಲೆ ಕುಲುಕಾಡುತ್ತ ಎಷ್ಟು ದೂರ ಓಡಿದ ಮೇಲೆ ಹಗುರವಾಯಿತೆಂಬುದನ್ನು ಅದರ ನಿಜವಾದ ಗತಿಯಲ್ಲಿ ನೋಡಿದವನು ಅವರನ್ನು ನೋಡಿ ನಗಲಾರ. ಮೂಕಚಿತ್ರಕ್ಕೆ ಬೇರೆಲ್ಲಿಂದಲೋ ತಂದ ಎಂಜಿನ್ನಿನ ಸದ್ದನ್ನು ಅಂಟಿಸುವುದು, ಕಪ್ಪು-ಬಿಳುಪಿಗೆ ಊಹೆಯ ಬಣ್ಣ ಹಚ್ಚುವುದು, ನಡುವೆ ಇಲ್ಲದ ಫ್ರೇಮುಗಳನ್ನು ಯಂತ್ರದಿಂದ ಸೃಷ್ಟಿಸಿ ತುಂಬುವುದು, ಇವೆಲ್ಲ ಈಗ ಸುಲಭವಾಗಿರುವುದರಿಂದಲೇ ಹೆಚ್ಚು ಅಪಾಯಕರ. ಏಳು ಮೀಟರಿನ ನೆಗೆತದ ನಡುವೆ ಕ್ಯಾಮೆರಾ ಏನನ್ನೂ ಕಾಣಲಿಲ್ಲವೆಂಬುದು ಒಂದು ಸತ್ಯ. ಅಲ್ಲಿ ಕಲ್ಪಿತ ವಿಮಾನವನ್ನು ತುಂಬಿದರೆ ಸಾಕ್ಷಿಯ ಬಾಯಿಗೆ ಅವನಾಡದ ಮಾತನ್ನು ಹಾಕಿದಂತಾಗುತ್ತದೆ. 1935ರಲ್ಲಿ ಕೊಡಾಕ್ರೋಮ್ ಬಂದ ಮೇಲೆ ಹವ್ಯಾಸಿಗಳೇ ತೆಗೆದ ನಿಜವಾದ ಬಣ್ಣದ ಚಿತ್ರಗಳಿವೆ. ಕತ್ತಲಲ್ಲಿ ಇಟ್ಟರೆ ಆ ಬಣ್ಣ ದೀರ್ಘಕಾಲ ಬಾಳುತ್ತದೆ. ವಿಮಾನಗಳಿಗೆ ಬಳಿದ ಕೆಂಪು, ಹಳದಿಗಳ ನಿಜವಾದ ಛಾಯೆಯನ್ನು ಅವು ಬಲ್ಲವು.

ಸಂಸ್ಥೆಗಳ ಭಂಡಾರವು ಭದ್ರ, ಮನೆಯ ಪೆಟ್ಟಿಗೆ ಅಭದ್ರ ಎಂಬ ನಂಬಿಕೆಯೂ ಪೂರ್ಣವಾಗಿ ನಿಜವಲ್ಲ. 1978ರ ಡಿಸೆಂಬರಿನಲ್ಲಿ ಮೇರಿಲ್ಯಾಂಡಿನ ಸೂಟ್‌ಲ್ಯಾಂಡ್ ಎಂಬಲ್ಲಿ ಅಮೆರಿಕ ಸರ್ಕಾರದ ಸಂಗ್ರಹಾಗಾರಕ್ಕೆ ಬೆಂಕಿ ಬಿದ್ದು ಯೂನಿವರ್ಸಲ್ ವಾರ್ತಾಚಿತ್ರದ 1 ಕೋಟಿ 26 ಲಕ್ಷ ಅಡಿ ನೈಟ್ರೇಟ್ ಫಿಲ್ಮು ಬೂದಿಯಾಯಿತು. ಅಸಿಟೇಟಿಗೆ ಬೆಂಕಿಯ ಭಯ ಕಡಮೆ, ಆದರೆ ಸೆಕೆ ಮತ್ತು ತೇವದ ಭಯವುಂಟು; ಅದು ಮೆಲ್ಲಗೆ ವಿನಿಗರಿನ ಹುಳಿವಾಸನೆಯನ್ನು ಬಿಡುತ್ತ, ಸುರುಟಿಕೊಂಡು, ಕೊನೆಗೆ ಒಡೆದುಹೋಗುತ್ತದೆ, ಒಂದರ ವಾಸನೆ ಪಕ್ಕದ ಡಬ್ಬಿಗೂ ತಗಲುತ್ತದೆ. ನಮ್ಮ ದೇಶದ ಹವೆಯಲ್ಲಿ ಈ ಕ್ರಿಯೆ ಬಹು ಬೇಗ ಸಾಗುವುದರಿಂದ ಇದು ಪರದೇಶದ ಸಮಸ್ಯೆಯೆಂದು ಸುಮ್ಮನಿರುವಂತಿಲ್ಲ. ವಿಮಾನಪಂದ್ಯಗಳೂ ನಮಗೆ ದೂರದವಲ್ಲ: 1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲಿನಿಂದ ಮೆಲ್ಬರ್ನಿಗೆ ನಡೆದ ಮಹಾಪಂದ್ಯದಲ್ಲಿ ಅಲಹಾಬಾದು ಕಡ್ಡಾಯದ ನಿಲುಗಡೆಯಾಗಿತ್ತು. ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ಗೆಲುವಿನ ದಾರಿಯಲ್ಲಿ ಅಲ್ಲಿ ಇಳಿದು ಹೋದರು, ಮಾಲಿಸನ್ ದಂಪತಿಗಳ ಓಟ ಎಂಜಿನ್ ಕೆಟ್ಟು ಅಲ್ಲಿಯೇ ಮುಗಿಯಿತು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪಿತವಾದಂದಿನಿಂದ ಆ ನಗರದ ಎಷ್ಟೋ ಕುಟುಂಬಗಳ ಬದುಕು ವಿಮಾನಗಳೊಡನೆ ಹೆಣೆದುಕೊಂಡಿದೆ. ಅಂಥ ಮನೆಗಳ ಅಟ್ಟದಲ್ಲಿ ಹಳೆಯ ಡಬ್ಬಿಯೇನಾದರೂ ಇದ್ದರೆ ಅದನ್ನು ತೆರೆದು ನೋಡಬೇಕಾದ ಕಾಲ ಬಂದಿದೆ.

ತೆರೆದವರು ಒಂದು ಪ್ರಲೋಭನೆಯನ್ನು ಮೆಟ್ಟಬೇಕು. ವಿಮಾನಪ್ರಿಯರಾದ ಸಂಗ್ರಾಹಕರು ಎಷ್ಟೋ ಸಲ ಸುರುಳಿಯಲ್ಲಿ ವಿಮಾನವಿರುವ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡು, ಅದರ ಹಿಂದುಮುಂದಿನ ಮಗುವಿನ ಹುಟ್ಟುಹಬ್ಬವನ್ನೂ ಕೆರೆಯ ದಡದ ಊಟವನ್ನೂ ನಿರುಪಯುಕ್ತವೆಂದು ಬಿಸುಟಿದ್ದಾರೆ. ಇದು ಸಾಕ್ಷಿಯ ನಾಲಗೆಯನ್ನು ಕತ್ತರಿಸುವ ಕೆಲಸ. ಕೊಡಾಕಿನವರು ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತುಗಳಿಂದ ಅದನ್ನು ತಯಾರಿಸಿದ ವರ್ಷವನ್ನು ಸೂಚಿಸುತ್ತಿದ್ದರು; ಆದರೆ ಆ ಗುರುತುಗಳು ಇಪ್ಪತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಒಂದೇ ಗುರುತಿನ ಪಟ್ಟಿ 1929ರದೂ ಆಗಿರಬಹುದು, 1949ರದೂ ಆಗಿರಬಹುದು. ಮೊದಲನೆಯದು ಕ್ಲೀವ್‌ಲ್ಯಾಂಡಿನ ಪಂದ್ಯಗಳು ತೊಡಗಿದ ವರ್ಷ; ಎರಡನೆಯದು ಬಿಲ್ ಓಡಮ್ ಎಂಬವನ ವಿಮಾನವು ಬೆರಿಯಾ ಊರಿನ ಮನೆಯೊಂದರ ಮೇಲೆ ಬಿದ್ದು, ಆ ಮನೆಯ ತಾಯಿಯೂ ಅವಳ ಪುಟ್ಟ ಮಗುವೂ ಅವನಂತೆಯೇ ಸತ್ತು, ಆ ಪಂದ್ಯಗಳೇ ನಿಂತುಹೋದ ವರ್ಷ. ಒಂದು ಮೋಡದ ಕೆಳಗೆ ಸಾಗುವ ಚುಕ್ಕೆಯಂಥ ವಿಮಾನದಿಂದ ಇವುಗಳಲ್ಲಿ ಯಾವುದೆಂದು ನಿರ್ಣಯಿಸಲಾಗದು. ಆದರೆ ಅಮೆರಿಕದ ಸಂಸ್ಥಾನಗಳು ಆ ದಶಕಗಳಲ್ಲಿ ಕಾರುಗಳ ನಂಬರು ಹಲಗೆಯ ಮೇಲೆ ವರ್ಷವನ್ನೂ ಅಚ್ಚೊತ್ತುತ್ತಿದ್ದವು. ಕೆರೆಯ ದಡದ ಊಟದ ಹಿಂದೆ ನಿಂತ ಕಾರಿನ ಹಲಗೆಯನ್ನು ಓದಿದವನು ಅದೇ ಸುರುಳಿಯ ಮುಂದಿನ ಮೂವತ್ತು ಅಡಿಗಳಲ್ಲಿರುವ ವಿಮಾನಗಳ ಕಾಲವನ್ನು ಹೇಳಬಲ್ಲನು, ಆಮೇಲೆ ಅವುಗಳ ಒಡಲಿನ ಮೇಲೆ ಬರೆದ ಪಂದ್ಯದ ಸಂಖ್ಯೆಗಳನ್ನು ಆ ವರ್ಷದ ಪಟ್ಟಿಯೊಡನೆ ಹೋಲಿಸಿ ಒಬ್ಬೊಬ್ಬ ಚಾಲಕನನ್ನೂ ಹೆಸರಿಟ್ಟು ಗುರುತಿಸಬಲ್ಲನು.